ಒಂಬತ್ತು ಕೋಲು, ಒಂದೇ ಬಾಗು

ಆಗಸ್ಟ್ ಕೊನೆಯ ವಾರದಲ್ಲಿ ಬೆಳಗಿನ ಜಾವ ಅಮೆರಿಕದ ಲಡಿಂಗ್ಟನ್ ಬಂದರಿನ ಕಟ್ಟೆಯ ಮೇಲೆ ನಿಂತರೆ, ದೋಣಿಗಳು ಒಂದರ ಹಿಂದೆ ಒಂದು ಮಿಷಿಗನ್ ಸರೋವರಕ್ಕೆ ಹೊರಡುವುದು ಕಾಣುತ್ತದೆ. ನನ್ನ ಕಣ್ಣು ಮೊದಲು ಹೋಗುವುದು ದೋಣಿಯ ಹಿಂಬದಿಯಲ್ಲಿ ಸಾಲಾಗಿ ನಿಲ್ಲಿಸಿರುವ ಗಾಳದ ಕೋಲುಗಳ ಕಡೆಗೆ. ನಮ್ಮ ಹಾಗೆ ವಾರಾಂತ್ಯಕ್ಕೆ ಬರುವವರ ದೋಣಿಯಲ್ಲಿ ಕೋಲುಗಳು ಒಂದೊಂದು ಬಗೆ. ಒಂದು ತೆಳ್ಳಗಿನ ಗ್ರಾಫೈಟ್, ಪಕ್ಕದಲ್ಲಿ ಯಾರೋ ಉಡುಗೊರೆ ಕೊಟ್ಟದ್ದು, ಅದರ ಪಕ್ಕದಲ್ಲಿ ಸಮುದ್ರದ ಮೀನಿಗೆಂದು ಕೊಂಡದ್ದು. ಗಿರಾಕಿಗಳನ್ನು ಕರೆದೊಯ್ದು ಮೀನು ಹಿಡಿಸುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರ ದೋಣಿಗಳನ್ನು ನೋಡಿದರೆ ಕಥೆಯೇ ಬೇರೆ. ಅಲ್ಲಿರುವುದು ಸಾಧಾರಣ ಬೆಲೆಯ, ದಪ್ಪ ಮೈಯ, ಹಳೆಯ ಕಾಲದ್ದರಂತೆ ಕಾಣುವ ಫೈಬರ್‌ಗ್ಲಾಸ್ ಕೋಲುಗಳು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ಎಲ್ಲವೂ ಒಂದೇ ಅಳತೆ, ಒಂದೇ ಜಾತಿ. ದುಬಾರಿ ಸಾಮಾನು ಕೊಳ್ಳಲು ಅವರಿಗೆ ಶಕ್ತಿ ಇಲ್ಲದೆ ಇಲ್ಲ. ದೋಣಿಯ ಎಂಜಿನ್ ನೋಡಿದರೇ ಅದು ತಿಳಿಯುತ್ತದೆ. ಹಾಗಿದ್ದೂ ಇಂಥ ಕೋಲೇ ಏಕೆ ಎನ್ನುವುದು ಬಹಳ ಕಾಲ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ಇಲ್ಲಿಗೆ ಹೊಸದಾಗಿ ಬಂದು ದೋಣಿಯ ರುಚಿ ಹತ್ತಿಸಿಕೊಂಡ ಕನ್ನಡದ ಗೆಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸೀಸದ ದಾರ ಎಳೆಯುವುದಕ್ಕೆ ಒಳ್ಳೆಯ ರಾಡ್ ಯಾವುದು?" ಸೀಸದ ದಾರ ಎಂದರೆ ಒಳಗೆ ಸೀಸದ ಎಳೆ ಇರುವ, ತನ್ನ ಭಾರಕ್ಕೇ ಆಳಕ್ಕೆ ಇಳಿಯುವ ಗಾಳದ ದಾರ. ನಾನು ಹೇಳುತ್ತಿರುವುದು ಬಲೆ ಎಳೆಯುವ ಟ್ರಾಲರ್ ವಿಷಯವಲ್ಲ; ದೋಣಿಯನ್ನು ಗಂಟೆಗೆ ಎರಡು-ಎರಡೂವರೆ ಮೈಲಿಯ ನಿಧಾನದಲ್ಲಿ ಓಡಿಸುತ್ತ ಹಿಂದೆ ಗಾಳಗಳನ್ನು ಎಳೆದುಕೊಂಡು ಹೋಗುವ ಬೇಟೆ. ಮಿಷಿಗನ್ ರಾಜ್ಯದಲ್ಲಿ ಒಬ್ಬರು ಮೂರು ಕೋಲು ಹಾಕಬಹುದು. ಮೂವರು ದೋಣಿ ಹತ್ತಿದರೆ ಒಂಬತ್ತು. ಒಂಬತ್ತು ಕೋಲು ಒಟ್ಟಿಗೆ ನೀರಿಗೆ ಇಳಿಯುವ ಜಾಗದಲ್ಲಿ "ಒಳ್ಳೆಯ ಕೋಲು ಯಾವುದು" ಎಂದು ಒಂದನ್ನು ಕುರಿತು ಕೇಳಿದರೆ ಉತ್ತರ ಸಿಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೊಳ್ಳಬೇಕಾದದ್ದು ಕೋಲನ್ನಲ್ಲ, ಸಾಲನ್ನು.

ನೀರು ತಿಳಿಯಾದ ಮೇಲೆ

ಈ ಸರೋವರದ ಸಾಲ್ಮನ್ ಇಲ್ಲಿನ ಮೂಲ ನಿವಾಸಿಯಲ್ಲ. ಕಾಲುವೆಗಳ ಮೂಲಕ ಒಳಬಂದ ಸೀ ಲ್ಯಾಂಪ್ರೆ ಎಂಬ ರಕ್ತ ಹೀರುವ ಜೀವಿ ಮತ್ತು ಮಿತಿಮೀರಿದ ಮೀನುಗಾರಿಕೆ ಸೇರಿ ಲೇಕ್ ಟ್ರೌಟನ್ನು ಮುಗಿಸಿದವು. ತಿನ್ನುವವರಿಲ್ಲದೆ ಏಲ್‌ವೈಫ್ ಎಂಬ ಸಣ್ಣ ಮೀನು ಸರೋವರವನ್ನೇ ತುಂಬಿಕೊಂಡಿತು. ಆಗ ಮಿಷಿಗನ್‌ನ ಮೀನುಗಾರಿಕೆ ಮುಖ್ಯಸ್ಥರಾಗಿದ್ದ ಹೊವರ್ಡ್ ಟ್ಯಾನರ್ ಅವರ ಯೋಜನೆಯಂತೆ 1966ರಲ್ಲಿ ಪೆಸಿಫಿಕ್ ಕರಾವಳಿಯ ಕೋಹೊ ಸಾಲ್ಮನ್ ಮರಿಗಳನ್ನು ಪ್ಲ್ಯಾಟ್ ನದಿಯಲ್ಲಿ ಬಿಟ್ಟರು. ಮರುವರ್ಷ ಚಿನೂಕ್ ಎಂಬ ಇನ್ನೊಂದು ಸಾಲ್ಮನ್ ಬಂತು. 1967ರ ಬೇಸಿಗೆಯಲ್ಲಿ ಸತ್ತ ಏಲ್‌ವೈಫ್ ರಾಶಿರಾಶಿಯಾಗಿ ದಡಕ್ಕೆ ಬಿದ್ದು ನಾರಿದರೆ, ಅದೇ ವರ್ಷದ ಶರತ್ಕಾಲದಲ್ಲಿ ಕೋಹೊ ಹಿಡಿಯಲು ಜನ ಮುಗಿಬಿದ್ದರು. ಕೆರೆಗೆ ಇಳಿಸುವಂಥ ಪುಟ್ಟ ದೋಣಿಗಳಲ್ಲಿ ಹೊರಟ ಅವರನ್ನು ಸೆಪ್ಟೆಂಬರ್ 23ರಂದು ಪ್ಲ್ಯಾಟ್ ಕೊಲ್ಲಿಯಲ್ಲಿ ಬಿರುಗಾಳಿ ಹಿಡಿಯಿತು. ಏಳು ಜನ ತೀರಿಕೊಂಡರು. ಆ ಸಂಗತಿಯನ್ನು ನಾನು ಪ್ರತಿ ಹೊಸಬರಿಗೂ ಹೇಳುತ್ತೇನೆ. ಗಾಳಿ ತಿರುಗಿದಾಗ ಒಂಬತ್ತು ಗಾಳಗಳನ್ನೂ ಮೇಲೆತ್ತಿದ ಮೇಲೆಯೇ ದೋಣಿ ದಡದ ಕಡೆಗೆ ವೇಗವಾಗಿ ಓಡಬಲ್ಲದು. ಅದಕ್ಕೆ ಸಾಕಷ್ಟು ಹೊತ್ತು ಹಿಡಿಯುತ್ತದೆ.

ಬಹಳ ಕಾಲ ಆಳಕ್ಕೆ ಇಳಿಯಲು ಡೌನ್‌ರಿಗರ್ ಒಂದೇ ಸಾಕಾಗುತ್ತಿತ್ತು. ಭಾರವಾದ ಗುಂಡನ್ನು ತಂತಿಯಲ್ಲಿ ದೋಣಿಯ ಕೆಳಗೆ ನೇರವಾಗಿ ಇಳಿಸಿ, ಅದಕ್ಕೆ ದಾರವನ್ನು ಸಿಕ್ಕಿಸುವ ಯಂತ್ರ ಅದು. ಆಮೇಲೆ ಹಡಗುಗಳು ಸಮತೋಲಕ್ಕೆಂದು ಒಡಲಲ್ಲಿ ತುಂಬಿಕೊಳ್ಳುವ ನೀರಿನಲ್ಲಿ ಸೇರಿಕೊಂಡು ಜೀಬ್ರಾ ಮತ್ತು ಕ್ವಾಗಾ ಎಂಬ ಚಿಪ್ಪಿಗಳು ಬಂದವು. ಇಡೀ ಸರೋವರವನ್ನು ಸೋಸಿ, ತೇಲುವ ಪಾಚಿಯನ್ನು ಕುಡಿದು, ಮಿಷಿಗನ್ ಸರೋವರದ ನೀರನ್ನು ಸುಪೀರಿಯರ್ ಸರೋವರದ್ದಕ್ಕಿಂತಲೂ ತಿಳಿಯಾಗಿಸಿದವು. ನೋಡುವವರಿಗೆ ಈ ನೀಲಿ ಚೆಂದ. ಒಳಗಿರುವ ಮೀನಿಗೆ ಮಾತ್ರ ಆಹಾರ ಕಡಿಮೆಯಾಯಿತು, ಬೆಳಕು ಜಾಸ್ತಿಯಾಯಿತು. ದೋಣಿಯ ನೆರಳು ಕಂಡರೆ ಅದು ದೂರ ಸರಿಯುತ್ತದೆ. ಹಾಗಾಗಿ ಗಾಳವನ್ನು ದೋಣಿಯಿಂದ ದೂರ, ಪಕ್ಕಕ್ಕೆ ಒಯ್ದು ಆಳಕ್ಕೆ ಇಳಿಸುವ ಉಪಾಯ ಬೇಕಾಯಿತು. ಹಳೆಯ ಸೀಸದ ದಾರಕ್ಕೆ ಮತ್ತೆ ಶುಕ್ರದೆಸೆ ಬಂದದ್ದು ಹೀಗೆ.

ನೇಯ್ದ ನೂಲಿನ ಕೊಳವೆ, ಒಳಗೆ ಸೀಸದ ಸಣ್ಣ ಎಳೆ. ಪ್ರತಿ 10 ಗಜಕ್ಕೆ, ಅಂದರೆ 30 ಅಡಿಗೆ, ನೂಲಿನ ಬಣ್ಣ ಬದಲಾಗುತ್ತದೆ. ಆದ್ದರಿಂದ ಇಲ್ಲಿ ಯಾರೂ ಅಡಿ ಲೆಕ್ಕ ಹೇಳುವುದಿಲ್ಲ; "ಐದು ಬಣ್ಣ ಬಿಟ್ಟಿದ್ದೇನೆ", "ಹತ್ತು ಬಣ್ಣ ಬಿಟ್ಟಿದ್ದೇನೆ" ಎನ್ನುತ್ತಾರೆ. ಹೆಚ್ಚಿನವರು ಬಳಸುವ, 27 ಪೌಂಡು ಎಳೆತ ತಾಳುವ ದಾರ ಸಾಮಾನ್ಯ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು 5 ಅಡಿ ಇಳಿಯುತ್ತದೆ ಎಂಬುದು ಬಾಯಿಲೆಕ್ಕ. ಹಿಂದೆ, ರೀಲಿನ ಕಡೆಗೆ, ಬ್ಯಾಕಿಂಗ್ ಎಂಬ ಸೀಸವಿಲ್ಲದ ದಾರ, ಮುಂದೆ ಕಣ್ಣಿಗೆ ಕಾಣದಂಥ ಲೀಡರ್ ಎಂಬ ದಾರ, ತುದಿಯಲ್ಲಿ ಸ್ಪೂನ್ ಎಂಬ ಹೊಳೆಯುವ ಲೋಹದ ಗಾಳ. ಬ್ಯಾಕಿಂಗ್‌ಗೆ ಪ್ಲೇನರ್ ಬೋರ್ಡ್ ಎಂಬ ಅಂಗೈಗಿಂತ ದೊಡ್ಡ ತೇಲುಹಲಗೆಯನ್ನು ಕಚ್ಚಿಸಿದರೆ ಅದು ನೀರಿನ ತಳ್ಳಾಟಕ್ಕೆ ತಾನಾಗಿ ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ. ಕಡಿಮೆ ಬಣ್ಣದ ದಾರ ಹೊರಗಡೆ, ಹೆಚ್ಚು ಬಣ್ಣದ್ದು ಒಳಗಡೆ. ಹೊರಗಿನದಕ್ಕೆ ಮೀನು ಬಿದ್ದರೆ ಅದು ಒಳಗಿನ ಆಳದ ದಾರಗಳ ಮೇಲಿಂದಲೇ ಹಿಂದೆ ಬರುತ್ತದೆ, ಸಿಕ್ಕು ಬೀಳುವುದಿಲ್ಲ. ಹಲಗೆಯೇ ಇಲ್ಲದ ಹತ್ತು ಬಣ್ಣದ ಒಂದು ದಾರ ದೋಣಿಯ ಹಿಂದೆ ನಟ್ಟನಡುವೆ, ಎಲ್ಲಕ್ಕಿಂತ ದೂರದಲ್ಲಿ ಸಾಗುತ್ತಿರುತ್ತದೆ.

ಮಾವನ ಬೆರಳು

ಹೆಂಡತಿಯ ತವರು ಗಂಗೊಳ್ಳಿ. ಮಾವ ಪ್ರಾಯದಲ್ಲಿ ದೋಣಿಯಲ್ಲಿ ಹೋಗಿ ಕೈಗಾಳದಲ್ಲಿ ಅಂಜಲ್ ಹಿಡಿದವರು. ಅವರು ನಮ್ಮಲ್ಲಿಗೆ ಬಂದಿದ್ದ ಬೇಸಿಗೆಯಲ್ಲಿ ಒಂದು ದಿನದ ಲೈಸೆನ್ಸ್ ಮಾಡಿಸಿ ಸರೋವರಕ್ಕೆ ಕರೆದುಕೊಂಡು ಹೋದೆ. ಜೊತೆಗೆ ಗೆಳೆಯನೊಬ್ಬನಿದ್ದ. ನಾವಿಬ್ಬರೂ ಕೋಲು ಹೂಡುವುದನ್ನು, ಹಲಗೆ ಕಚ್ಚಿಸುವುದನ್ನು, ರೀಲಿನ ಮೇಲಿನ ಅಂಕಿ ನೋಡುತ್ತ ದಾರ ಬಿಡುವುದನ್ನು ಮಾವ ಮಾತಿಲ್ಲದೆ ನೋಡುತ್ತಿದ್ದರು. ಒಂಬತ್ತೂ ಇಳಿದ ಮೇಲೆ ಕೇಳಿದರು: "ಇಷ್ಟು ಕೋಲಿದ್ದರೆ ಕಚ್ಚಿದ್ದು ಯಾವುದಕ್ಕೆ ಎಂದು ನಿಮಗೆ ಗೊತ್ತಾಗುವುದು ಹೇಗೆ?"

"ಕೋಲು ಬಾಗುತ್ತದೆ ಮಾವ, ಹಲಗೆ ಹಿಂದಕ್ಕೆ ಹೋಗುತ್ತದೆ" ಎಂದೆ.

"ದೊಡ್ಡದು ಕಚ್ಚಿದರೆ ಬಾಗೀತು. ಸಣ್ಣದು ಕಚ್ಚಿದರೆ?"

ಅವರು ಎದ್ದು ಹಿಂಬದಿಗೆ ಬಂದು, ನಡುವಿನ ಹತ್ತು ಬಣ್ಣದ ಕೋಲಿನ ರೀಲಿಗೂ ಮೊದಲ ಬಳೆಗೂ (ಕೋಲಿನ ಮೇಲೆ ದಾರ ತೂರಿಹೋಗುವ ಉಂಗುರ) ನಡುವೆ ದಾರದ ಮೇಲೆ ತೋರುಬೆರಳನ್ನು ಇಟ್ಟರು. ಒತ್ತಲಿಲ್ಲ, ಎಳೆಯಲಿಲ್ಲ. ಬೆರಳಿನ ಬದಿಯನ್ನು ದಾರಕ್ಕೆ ತಾಗಿಸಿಕೊಂಡು ನಿಂತರು ಅಷ್ಟೇ. ಎಂಜಿನ್ನಿನ ನಡುಕ, ಅಲೆಯ ಏರಿಳಿತ, ಮುನ್ನೂರು ಅಡಿ ಸೀಸದ ಭಾರ, ಇಷ್ಟೂ ಆ ಬೆರಳಿಗೆ ಬರುತ್ತಿದ್ದಿರಬೇಕು. ಸ್ವಲ್ಪ ಹೊತ್ತಾದ ಮೇಲೆ, "ಇದರಲ್ಲಿ ಏನೋ ಸಿಕ್ಕಿಕೊಂಡಿದೆ. ಗಾಳ ಆಡುತ್ತಿಲ್ಲ" ಎಂದರು. ಗೆಳೆಯನಿಗೆ ನಂಬಿಕೆ ಬರಲಿಲ್ಲ. ಕೋಲಿನ ತುದಿ ಆಗಿನಿಂದ ಇದ್ದ ಹಾಗೆಯೇ ಇತ್ತು. ಆದರೂ ಸುತ್ತಿದೆವು. ಹತ್ತು ಬಣ್ಣವೂ ಒಂದೊಂದಾಗಿ ಒಳಬಂದು ಕೊನೆಗೆ ಸ್ಪೂನಿನಲ್ಲಿ ಕಾಣಿಸಿಕೊಂಡದ್ದು ಒಂದಡಿಯೂ ಇಲ್ಲದ ಟ್ರೌಟ್ ಮರಿ. ಎಷ್ಟು ಹೊತ್ತಿನಿಂದ ಎಳೆಸಿಕೊಂಡು ಬರುತ್ತಿತ್ತೋ, ಸುಸ್ತಾಗಿ ಬಾಯಿ ತೆರೆದಿತ್ತು. ಮಾವ ಅದನ್ನು ನೀರಿನೊಳಗೆ ಎರಡೂ ಕೈಯಲ್ಲಿ ಹಿಡಿದು, ಅದು ತಾನಾಗಿ ಬಾಲ ಬಡಿಯುವ ತನಕ ಕಾದು ಬಿಟ್ಟರು. ಆಮೇಲೆ ಕೋಲಿನ ಕಡೆಗೆ ನೋಡಿ, "ಇದನ್ನು ನಿಮ್ಮ ಕೋಲು ಹೇಳಬೇಕಿತ್ತಲ್ಲ" ಎಂದರು.

ಆ ಕೋಲು ಗೆಳೆಯ ತಂದದ್ದು, ಒಳ್ಳೆಯ ಹೆಸರಿನ ಗ್ರಾಫೈಟ್, ಬಿರುಸಾದದ್ದು. ಹತ್ತು ಬಣ್ಣದ ಭಾರಕ್ಕೆ ಗಟ್ಟಿಯಾದದ್ದೇ ಬೇಕು ಎಂದು ಆರಿಸಿದ್ದು. ಭಾರವನ್ನು ಅದು ಚೆನ್ನಾಗಿಯೇ ಹೊತ್ತಿತ್ತು. ಆದರೆ ಭಾರದ ಮೇಲೆ ಬಂದು ಕೂತ ಆ ಸಣ್ಣ ಹೆಚ್ಚಳವನ್ನು ತೋರಿಸುವ ಬಳುಕು ಅದರಲ್ಲಿ ಇರಲಿಲ್ಲ. ಒಂದೇ ದಾರ ಹಿಡಿದವನಿಗೆ ಬೆರಳಿದೆ. ಒಂಬತ್ತು ದಾರ ಬಿಟ್ಟವನಿಗೆ ಇರುವುದು ಕಣ್ಣು ಮಾತ್ರ. ಆ ಬೆರಳು ಮಾಡುವ ಕೆಲಸವನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿಕೊಡುವುದೇ ಇಲ್ಲಿ ಕೋಲಿನ ಮೊದಲ ಕೆಲಸ. ಮೀನನ್ನು ಎತ್ತುವುದು ಎರಡನೆಯದು. ಅಂದಿನಿಂದ ನಾನು ಕೋಲನ್ನು ನೋಡುವ ಕ್ರಮ ಇದೇ.

ಬಾಗು ಎಲ್ಲಿ ಶುರುವಾಗುತ್ತದೆ

ಹೀಗೆ ನೋಡಿದರೆ ಒಂದೇ ಬಗೆಯ ಕೋಲುಗಳ ಸಾಲಿಗೆ ಇರುವ ಕಾರಣ ಸ್ಪಷ್ಟವಾಗುತ್ತದೆ. ಎಡಕ್ಕೆ ಐದು ಬಣ್ಣ, ಬಲಕ್ಕೆ ಐದು ಬಣ್ಣ. ಅದೇ ಹಲಗೆ, ಅದೇ ಸ್ಪೂನು, ಅದೇ ಕೋಲು. ಎರಡೂ ಒಂದೇ ಸಮ ಬಾಗಿರಬೇಕು. ಒಂದು ಬೆರಳಗಲ ಹೆಚ್ಚು ಬಾಗಿದರೆ ಅಲ್ಲಿ ಮರಿಮೀನೋ ಕಸವೋ ಸಿಕ್ಕಿದೆ. ಕಡಿಮೆ ಬಾಗಿದರೆ ಹಲಗೆಯ ಕ್ಲಿಪ್ ಜಾರುತ್ತಿದೆ, ಇಲ್ಲವೇ ನೀರಿನೊಳಗಿನ ಸೆಳೆತ ಆ ಕಡೆಗೆ ಬೇರೆ ಇದೆ. ಜೋಡಿಯಲ್ಲಿ ಒಂದು ಗ್ರಾಫೈಟ್, ಇನ್ನೊಂದು ಗ್ಲಾಸ್ ಆಗಿದ್ದರೆ ಈ ಹೋಲಿಕೆಯೇ ಸಾಧ್ಯವಿಲ್ಲ. ಎರಡೂ ಬೇರೆ ಬೇರೆ ಬಾಗಿರುತ್ತವೆ, ಯಾವುದು ಸರಿ ಎಂದು ತಿಳಿಯುವುದಿಲ್ಲ. ಹತ್ತು ಸಾವಿರ ಅಲೆಗಳ ಕುಣಿತದ ನಡುವೆ ಕಣ್ಣು ಹುಡುಕುವುದು ಸಾಲು ತಪ್ಪಿದ ಒಂದನ್ನು. ಸಾಲೇ ಇಲ್ಲದಿದ್ದರೆ ತಪ್ಪುವುದಾದರೂ ಏನು?

ಫೈಬರ್‌ಗ್ಲಾಸ್‌ನ ಪರವಾಗಿ ಇನ್ನೊಂದು ಮಾತಿದೆ. ಸೀಸದ ದಾರ ಹಿಗ್ಗುವುದಿಲ್ಲ ಎನ್ನುವಷ್ಟು ಕಡಿಮೆ ಹಿಗ್ಗುತ್ತದೆ. ಬ್ಯಾಕಿಂಗ್‌ಗೆ ನೇಯ್ದ ದಾರ ಹಾಕಿದ್ದರೆ ಅದೂ ಹಿಗ್ಗದು. ದೋಣಿ ಮುಂದಕ್ಕೆ ಹೋಗುತ್ತಿರುತ್ತದೆ, ಹದಿನೈದು ಪೌಂಡಿನ ಚಿನೂಕ್ ಕಚ್ಚಿದ ಕೂಡಲೇ ಹಿಂದಕ್ಕೆ ಓಡುತ್ತದೆ. ನಡುವೆ ಆ ಏಟನ್ನು ನುಂಗಿಕೊಳ್ಳುವ ವಸ್ತು ಕೋಲೊಂದೇ. ತುದಿಯಲ್ಲಿ ಮಾತ್ರ ಬಾಗುವ ಬಿರುಸು ಕೋಲಾದರೆ ಮೀನಿನ ಬಾಯಿ ಹರಿದು ಗಾಳ ಕಳಚುತ್ತದೆ. ಅಲೆ ಜೋರಾದ ದಿನ ಮೀನಿಲ್ಲದೆಯೂ ಹಲಗೆಯ ಕ್ಲಿಪ್ ಬಿಟ್ಟುಕೊಳ್ಳುತ್ತದೆ. ಹಾಗೆಂದು ತೀರಾ ಮೆತ್ತಗಿನದೂ ಆಗದು. ಮೂರು ಬಣ್ಣಕ್ಕೆ ಚೆನ್ನಾಗಿರುವ ಕೋಲಿಗೆ ಹತ್ತು ಬಣ್ಣ ಕಟ್ಟಿದರೆ ಅದು ಭಾರಕ್ಕೇ ಪೂರ್ತಿ ಬಾಗಿ ನಿಂತುಬಿಡುತ್ತದೆ. ಮೀನು ಬಂದಾಗ ಬಾಗಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ಅದರ ಮೌನವೂ ಬಿರುಸು ಕೋಲಿನ ಮೌನವೂ ನನಗೆ ಒಂದೇ.

ಆದ್ದರಿಂದ ನನ್ನ ಸಾಲಿನಲ್ಲಿ ಎರಡು ಬಲದ ಕೋಲುಗಳಿವೆ. ಮೂರರಿಂದ ಐದು ಬಣ್ಣದವಕ್ಕೆ ಮೀಡಿಯಂ, ಏಳು ಮತ್ತು ಹತ್ತು ಬಣ್ಣದವಕ್ಕೆ ಮೀಡಿಯಂ ಹೆವಿ. ಎರಡೂ ನಡುಮೈಯಿಂದ ನಿಧಾನವಾಗಿ ಬಾಗುವಂಥವು, ಪೂರ್ತಿ ಗ್ಲಾಸ್ ಅಥವಾ ಗ್ಲಾಸ್‌ಗೆ ಸ್ವಲ್ಪ ಗ್ರಾಫೈಟ್ ಬೆರೆಸಿದ್ದು. ಕೋಲಿನ ಮೇಲೆ ಅಚ್ಚು ಹಾಕಿದ "ಮೀಡಿಯಂ" ಎಂಬ ಮಾತನ್ನು ಮಾತ್ರ ನಂಬಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಹೆವಿ. ನಾನು ಮಾಡುವುದು ಇಷ್ಟು: ಮನೆಯ ಗ್ಯಾರೇಜಿನಲ್ಲಿ ಒಂದು ಹಲಗೆಗೆ ಎರಡು ಕೋಲಿನ ಬುಡಗಳನ್ನು ಒಂದೇ ಎತ್ತರದಲ್ಲಿ ಅಡ್ಡಲಾಗಿ ಬಿಗಿದು, ಎರಡರ ತುದಿಗೂ ಒಂದೊಂದು ಲೀಟರ್ ನೀರು ತುಂಬಿದ ಬಾಟಲಿ ತೂಗಿಹಾಕುತ್ತೇನೆ. ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಎರಡೂ ಬಾಗನ್ನು ಗೆರೆ ಎಳೆದರೆ ಸತ್ಯ ಗೋಡೆಯ ಮೇಲೆ ಇರುತ್ತದೆ. ಗೆರೆಗಳು ಒಂದರ ಮೇಲೊಂದು ಕೂತರೆ ಅವು ಜೋಡಿ. ಒಂದೇ ಹೆಸರು, ಒಂದೇ ಬೆಲೆಯ ಎರಡು ಕೋಲುಗಳು ಗೋಡೆಯ ಮೇಲೆ ಬೇರೆ ಬೇರೆ ದಾರಿ ಹಿಡಿದದ್ದನ್ನೂ ನೋಡಿದ್ದೇನೆ. ಬೇರೆ ಬೇರೆ ಕಂಪನಿಯ ಎರಡು ಕೋಲುಗಳು ಕೂಡಿಕೊಂಡದ್ದನ್ನೂ ನೋಡಿದ್ದೇನೆ.

ಉದ್ದದ ಲೆಕ್ಕ

ಉದ್ದದ ವಿಷಯಕ್ಕೆ ಬಂದರೆ ಅಂಗಡಿಯಲ್ಲಿ ಎಂಟೂವರೆ ಅಡಿಯದನ್ನೇ ಮುಂದೆ ಮಾಡುತ್ತಾರೆ. ಅದಕ್ಕೆ ಕಾರಣವೂ ಇದೆ. ಕೋಲು ಉದ್ದವಿದ್ದಷ್ಟೂ ದೋಣಿಯಿಂದ ಹಲಗೆಯ ತನಕದ ದಾರ ನೀರಿಗೆ ತಾಗದೆ ಮೇಲಿರುತ್ತದೆ. ಅಲೆಯ ತಲೆಗಳು ದಾರವನ್ನು ಹೊಡೆಯುವುದಿಲ್ಲ, ಹಲಗೆ ಸರಾಗವಾಗಿ ಹೊರಗೆ ಹೋಗುತ್ತದೆ. ಅತ್ಯಂತ ಹೊರಗಿನ ಹಲಗೆಗೆ ಉದ್ದದ ಕೋಲೇ ಸರಿ. ಆದರೆ ಮೀನು ಬಿದ್ದ ಮೇಲೆ ನಡೆಯುವುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸುತ್ತುತ್ತ ಸುತ್ತುತ್ತ ಹಲಗೆ ದೋಣಿಯ ಹತ್ತಿರಕ್ಕೆ ಬರುತ್ತದೆ. ಅದು ಕೋಲಿನ ಬಳೆಯೊಳಗೆ ಹೋಗುವುದಿಲ್ಲ, ಯಾರಾದರೂ ಕೈಚಾಚಿ ಕ್ಲಿಪ್ ಬಿಚ್ಚಿ ತೆಗೆಯಬೇಕು. ಎಂಟೂವರೆ ಅಡಿಯ ಕೋಲನ್ನು ಎತ್ತಿ ಹಿಡಿದರೆ ಹಲಗೆ ಅಷ್ಟೇ ದೂರದಲ್ಲಿ ನೇತಾಡುತ್ತದೆ. ಅದನ್ನು ಕೈಗೆ ಎಟುಕಿಸಲು ಕೋಲು ಹಿಡಿದವರು ಹಿಂದೆ ಹಿಂದೆ ಸರಿಯಬೇಕು. ದೊಡ್ಡ ದೋಣಿಯಲ್ಲಿ ಸರಿಯಲು ಜಾಗವಿದೆ. ಇಪ್ಪತ್ತು ಅಡಿಯ ದೋಣಿಯಲ್ಲಿ ಬೆನ್ನಿಗೆ ಕ್ಯಾಬಿನ್ ತಾಗುತ್ತದೆ. ಆಗ ಕೋಲನ್ನು ಬಗ್ಗಿಸಲೇಬೇಕಾಗುತ್ತದೆ, ಬಗ್ಗಿಸಿದ ಕ್ಷಣ ದಾರ ಸಡಿಲವಾಗುತ್ತದೆ, ಗಾಳದಿಂದ ಮೀನು ಕಳಚಿಕೊಳ್ಳುವುದು ಆ ಸಡಿಲಿನಲ್ಲೇ.

ಮಾವ ಬಂದಿದ್ದ ದಿನವೇ ಮಧ್ಯಾಹ್ನದ ಹೊತ್ತಿಗೆ ಇದು ಕಣ್ಣೆದುರು ನಡೆಯಿತು. ದೋಣಿಯನ್ನು ಬಲಕ್ಕೆ ತಿರುಗಿಸುತ್ತಿದ್ದೆವು. ತಿರುವಿನಲ್ಲಿ ಒಳಬದಿಯ ದಾರಗಳ ವೇಗ ಕುಗ್ಗಿ ಗಾಳಗಳು ಆಳಕ್ಕೆ ಇಳಿಯುತ್ತವೆ, ಹೊರಬದಿಯವು ವೇಗ ಪಡೆದು ಮೇಲೇಳುತ್ತವೆ. ಯಾವ ಬದಿಗೆ ಕಚ್ಚಿತು ಎಂಬುದು ಮೀನು ಯಾವ ಆಳ, ಯಾವ ವೇಗ ಬಯಸುತ್ತಿದೆ ಎಂಬುದಕ್ಕೆ ಸಿಗುವ ಅತ್ಯಂತ ನಂಬಿಕಸ್ಥ ಸುಳಿವು. ಬಲಗಡೆ, ಅಂದರೆ ಒಳಬದಿಯ ಏಳು ಬಣ್ಣದ ಹಲಗೆ ಹಿಂದಕ್ಕೆ ಜಗ್ಗಿತು. ಆ ಕೋಲು ಏಳಡಿಯದು, ಬುಡದಿಂದ ಬಾಗುವ ಹಳೆಯ ಗ್ಲಾಸ್ ಕೋಲು. ಅದನ್ನು ಹೋಲ್ಡರ್‌ನಿಂದ ಕಿತ್ತು ಮಾವನ ಕೈಗೆ ಕೊಟ್ಟೆ. ರೀಲು ಅವರಿಗೆ ಹೊಸದು, ಆದರೆ ಮೀನು ಎಳೆದಾಗ ಬಿಡುವುದು, ನಿಂತಾಗ ಸುತ್ತುವುದು ಹೊಸದಲ್ಲ. ಹಲಗೆ ಹತ್ತಿರ ಬಂದಾಗ ಅವರು ಒಂದು ಹೆಜ್ಜೆ ಮಾತ್ರ ಹಿಂದೆ ಇಟ್ಟರು. ಕೋಲು ಬಾಗಿಕೊಂಡೇ ಇತ್ತು, ಗೆಳೆಯ ಬಗ್ಗಿ ಕ್ಲಿಪ್ ಬಿಚ್ಚಿದ. ದಾರ ಒಂದಿಷ್ಟೂ ಸಡಿಲವಾಗಲಿಲ್ಲ. ಏಳು ಬಣ್ಣವೂ ಒಳಗೆ ಬಂದ ಮೇಲೆ ಬಲೆಗೆ ಬಿದ್ದದ್ದು ಬೆಳ್ಳಿ ಬಣ್ಣದ ಚಿನೂಕ್. ಮಾವ ಅದರ ಕಪ್ಪು ಒಸಡನ್ನು ತೆರೆದು ನೋಡಿ, "ನಮ್ಮಲ್ಲಿ ಇಂಥದ್ದಿಲ್ಲ" ಎಂದು ಸಂತೋಷಪಟ್ಟರು. ಸಂಜೆ ಅದಕ್ಕೆ ಕುಂದಾಪುರದ ಮಸಾಲೆ ಅರೆದದ್ದೂ ಅವರೇ.

ಆದ್ದರಿಂದ ಸಣ್ಣ ದೋಣಿಯವರಿಗೆ ನನ್ನ ಸಲಹೆ ಖಚಿತ: ಒಳಗಿನ ಹಲಗೆಗಳಿಗೂ ನಡುವಿನ ಹತ್ತು ಬಣ್ಣಕ್ಕೂ ಏಳರಿಂದ ಏಳೂವರೆ ಅಡಿ ಸಾಕು. ಎಂಟೂವರೆ ಅಡಿಯನ್ನು ಹೊರಗಿನ ಜೋಡಿಗೆ ಮಾತ್ರ ಇಟ್ಟುಕೊಳ್ಳಿ. ಮೂರು ಬಣ್ಣದ ದಾರದಲ್ಲಿ ಎಳೆತವೂ ಕಡಿಮೆ, ಸಂಭಾಳಿಸುವುದೂ ಸುಲಭ.

ಬಳೆ, ಬುಡ, ಪಟ್ಟಿ

ಇನ್ನು ಉಳಿದವು. ಸೀಸದ ದಾರಕ್ಕೆ ನೂಲಿನ ಹೊದಿಕೆ ಇರುವುದರಿಂದ ಸಾಮಾನ್ಯ ಸೆರಾಮಿಕ್ ಬಳೆಗಳೇ ಸಾಕು. ರೋಲರ್ ಬಳೆಗೆ ದುಡ್ಡು ಸುರಿಯಬೇಕಿಲ್ಲ. ಗಾಳವನ್ನು ಆಳಕ್ಕೆ ಒಯ್ಯುವ ಡೈವರ್ ಎಂಬ ತಟ್ಟೆಯನ್ನು ಉಕ್ಕಿನ ತಂತಿಯಲ್ಲಿ ಎಳೆಯುವ ಕೋಲಿನ ಮಾತು ಬೇರೆ, ಆ ತಂತಿ ಮೆದು ಬಳೆಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಆದರೆ ಸೀಸದ ದಾರಕ್ಕೆ ಬಳೆಯ ಬಾಯಿ ಅಗಲವಿರಲಿ. ಬ್ಯಾಕಿಂಗ್‌ಗೂ ಸೀಸಕ್ಕೂ ನಡುವೆ ಒಂದು ಗಂಟು, ಸೀಸಕ್ಕೂ ಲೀಡರ್‌ಗೂ ನಡುವೆ ಇನ್ನೊಂದು. ಹೊದಿಕೆಯಿಂದ ಸೀಸವನ್ನು ಮುರಿದು ಎಳೆದು, ಬರಿಯ ನೂಲಿನೊಳಗೆ ಲೀಡರನ್ನು ತೂರಿಸಿ ಹಾಕುವ ಗಂಟು ಎಷ್ಟೇ ಸಪೂರವಾಗಿದ್ದರೂ ತುದಿಬಳೆ ಕಿರಿದಾಗಿದ್ದರೆ ಟಕ್ಕೆಂದು ತಡೆಯುತ್ತದೆ, ಅದೂ ಮೀನು ಬಲೆಯ ಹತ್ತಿರ ಬಂದ ಹೊತ್ತಿನಲ್ಲಿ. ಬೇಸಿಗೆಯ ಕೊನೆಗೆ ಸ್ಪೈನಿ ವಾಟರ್ ಫ್ಲೀ ಎಂಬ ಮುಳ್ಳುಬಾಲದ ನೀರುಜೀವಿಗಳು ದಾರಕ್ಕೆ ಹತ್ತಿಯ ಮುದ್ದೆಯ ಹಾಗೆ ಅಂಟಿಕೊಂಡು ಬಂದು ತುದಿಬಳೆಯನ್ನು ಮುಚ್ಚಿಬಿಡುವುದೂ ಉಂಟು. ಅಗಲ ಬಾಯಿ ಅಲ್ಲಿಯೂ ಉಪಕಾರ.

ಕೋಲನ್ನು ಕೊಳ್ಳುವ ಮುಂಚೆ ಅದರ ಬುಡವನ್ನು ನಿಮ್ಮದೇ ದೋಣಿಯ ಹೋಲ್ಡರ್‌ನಲ್ಲಿ ಇಟ್ಟು ನೋಡಬೇಕು. ಹತ್ತು ಬಣ್ಣ, ಅದರ ಹಿಂದೆ ಬ್ಯಾಕಿಂಗ್ ತುಂಬಿದ ದೊಡ್ಡ ರೀಲು ಭಾರವಾದದ್ದು. ಬುಡ ಗಿಡ್ಡವಾದರೆ ಅದು ಕೋಲನ್ನು ಪಕ್ಕಕ್ಕೆ ಮಗುಚುತ್ತದೆ. ಬುಡ ತೀರಾ ಉದ್ದವಾದರೆ ಮೀನಿನ ಎಳೆತ ಇರುವಾಗ ಹೋಲ್ಡರ್‌ನಿಂದ ಕೋಲನ್ನು ಹೊರಗೆಳೆಯಲು ಹತ್ತು ವರ್ಷದ ಮಕ್ಕಳಿಗೆ ಆಗುವುದಿಲ್ಲ. ನಮ್ಮ ದೋಣಿಯಲ್ಲಿ ಮಕ್ಕಳೂ ಕೋಲು ಹಿಡಿಯುತ್ತಾರೆ, ಹಾಗಾಗಿ ಇದು ನನಗೆ ದೊಡ್ಡ ವಿಷಯ. ಪ್ರತಿ ಬುಡದ ಮೇಲೂ ಬಣ್ಣದ ಟೇಪ್ ಪಟ್ಟಿ ಸುತ್ತಿದ್ದೇನೆ: ಮೂರಕ್ಕೆ ಹಳದಿ, ಐದಕ್ಕೆ ಹಸಿರು, ಏಳಕ್ಕೆ ನೀಲಿ, ಹತ್ತಕ್ಕೆ ಕೆಂಪು. ಕತ್ತಲಲ್ಲಿ ಟಾರ್ಚ್ ಬಿಟ್ಟರೆ ಯಾವ ಕೋಲು ಯಾವ ಜಾಗಕ್ಕೆ ಎಂದು ಮಕ್ಕಳೇ ಹೇಳುತ್ತಾರೆ. ಗಾಳಿ ತಿರುಗಿ ಎಲ್ಲವನ್ನೂ ಬೇಗ ಎತ್ತಬೇಕಾದಾಗ, ಹೊರಗಿನ ಹಳದಿ ಮೊದಲು, ನಡುವಿನ ಕೆಂಪು ಕೊನೆಗೆ ಎಂಬ ಒಂದೇ ಮಾತು ಸಾಕು.

ಒಂಬತ್ತೂ ಒಟ್ಟಿಗೆ ಕೊಳ್ಳುವಷ್ಟು ದುಡ್ಡು ಹೆಚ್ಚಿನವರಲ್ಲಿ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಮೊದಲು ಒಂದು ಜೋಡಿ ಐದು ಬಣ್ಣದ್ದು ಮಾಡಿ, ಅದರ ಬಾಗು ಕಣ್ಣಿಗೆ ಪಾಠವಾಗಲಿ. ಮುಂದಿನ ವರ್ಷ ಅದೇ ಮಾದರಿಯ ಇನ್ನೊಂದು ಜೋಡಿ ಕೊಳ್ಳಿ. ಮಾದರಿ ಅಂಗಡಿಯಿಂದ ಮಾಯವಾಗಿದ್ದರೆ ಬಾಟಲಿ ಮತ್ತು ಸೀಮೆಸುಣ್ಣ ಇದ್ದೇ ಇದೆ. ಅಕ್ಟೋಬರ್ ನಂತರ ಹಳೆಯ ಗ್ಲಾಸ್ ಕೋಲುಗಳು ಕಡಿಮೆ ಬೆಲೆಗೆ ಸಿಗುತ್ತವೆ. ನೋಡಲು ಹೋಗುವಾಗ ಜೇಬಿನಲ್ಲಿ ಸ್ವಲ್ಪ ಹತ್ತಿ ಇರಲಿ. ಪ್ರತಿ ಬಳೆಯೊಳಗೂ ಹತ್ತಿಯನ್ನು ಸುತ್ತಲೂ ಸವರಿ; ಎಳೆ ಸಿಕ್ಕಿಕೊಂಡರೆ ಅಲ್ಲಿ ಸೆರಾಮಿಕ್ ಸೀಳಿದೆ, ಒಂದೇ ದಿನದಲ್ಲಿ ನೂಲಿನ ಹೊದಿಕೆ ಹರಿಯುತ್ತದೆ. ಎರಡು ತುಂಡಿನ ಕೋಲಾದರೆ ಜೋಡಿಸಿ ತುದಿಯನ್ನು ನೆಲಕ್ಕೆ ಒತ್ತದೆ ಗಾಳಿಯಲ್ಲೇ ಅಲುಗಿಸಿ, ಸೇರುವ ಜಾಗದಲ್ಲಿ ಕಟಕಟ ಎಂದರೆ ಬೇಡ. ರೀಲು ಕೂರುವ ಜಾಗದ ತಿರುಪು ಬಿಗಿಯಾಗಿ ನಿಂತರೆ, ಮೈಯಲ್ಲಿ ಬಿಳಿ ಬಿರುಕಿಲ್ಲದಿದ್ದರೆ, ಬಣ್ಣ ಮಾಸಿದ್ದಕ್ಕೆ ತಲೆ ಕೆಡಿಸಿಕೊಳ್ಳದೆ ಎರಡನ್ನು ಒಟ್ಟಿಗೆ ತೆಗೆದುಕೊಳ್ಳಿ. ಒಂದೇ ಇದೆ ಎಂದರೆ, ಅದು ಎಷ್ಟೇ ಚೆನ್ನಾಗಿದ್ದರೂ, ನಾನು ಹಾಗೆಯೇ ವಾಪಸು ಬರುತ್ತೇನೆ.